ಅತ್ತೆ ಸಾಹೇಬರ ತಾಲೀಮು

ಗಾಳಿಬೀಡಿನ ದೇರಪ್ಪನಿಗೆ ಜೀವನದಲ್ಲಿ ಇದ್ದದ್ದು ಒಂದೇ ಆಸೆ: ತನ್ನನ್ನು ಯಾರೂ ಮುಂದಕ್ಕೆ ತಳ್ಳಬಾರದು. ಬಿಳಿ ದೊರೆಯೊಬ್ಬನ ಕಾಫಿ ತೋಟದಲ್ಲಿ ಅವನು ರೈಟರ್. ಬೆಳಿಗ್ಗೆ ಲೈನುಮನೆಗಳ ಆಳುಗಳ ಹಾಜರಿ ಕೂಗುವುದು, ಹಗಲೆಲ್ಲ ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಗಿಡಗಳ ನಡುವೆ ಓಡಾಡುವುದು, ಸಂಜೆ ಮನೆಗೆ ಬಂದು ಬೆಲ್ಲದ ಕಾಫಿ ಕುಡಿಯುವುದು. ಇಷ್ಟರಲ್ಲೇ ಅವನು ಸುಖವಾಗಿದ್ದ. ಆದರೆ ಗಂಡ ಸುಖವಾಗಿದ್ದಾನೆಂದರೆ ಎಲ್ಲೋ ಏನೋ ತಪ್ಪಿದೆ ಎಂದು ಅನುಮಾನಪಡುವ ಹೆಂಗಸರಿರುತ್ತಾರೆ. ಅವನ ಹೆಂಡತಿ ದಮಯಂತಿ ಆ ಪೈಕಿ.

ಅವಳ ತಂಗಿಯ ಗಂಡ ಮೊಣ್ಣಪ್ಪನಿಗೆ ಮಡಿಕೇರಿ ಕಚೇರಿಯಲ್ಲಿ ಬಡ್ತಿ ಸಿಕ್ಕಿತು. ಸುದ್ದಿ ಬಂದ ದಿನ ದಮಯಂತಿ ಸಾರಿಗೆ ಉಪ್ಪು ಹಾಕಲಿಲ್ಲ. ಮರುದಿನ ಎರಡು ಪಾಲು ಹಾಕಿದಳು. ಮೂರನೆಯ ದಿನ ಬಾಯಿಬಿಟ್ಟಳು.

"ಪೊಲೀಸಿಗೆ ಸಬ್ ಇನ್ಸ್‌ಪೆಕ್ಟರ್ ಬೇಕಂತೆ. ಒಂದು ಅರ್ಜಿ ಹಾಕಿ."

"ನಾನಾ? ತೋಟದ ನಾಯಿ ಬೊಗಳಿದ್ರೆ ಸುತ್ತು ದಾರಿಲಿ ಬರುವವ ನಾನು!"

"ಖಾಕಿ ಹಾಕಿದ್ರೆ ನಾಯಿಯೇ ಸುತ್ತು ದಾರಿ ಹಿಡೀತದೆ. ಬರೀರಿ."

ದೇರಪ್ಪ ಬರೆದ. ಆದಷ್ಟು ಕೆಟ್ಟ ಅಕ್ಷರದಲ್ಲಿ, ನಡುನಡುವೆ ಶಾಯಿ ಚೆಲ್ಲಿ ಬರೆದ. ಆದರೂ ಇನ್ನು ಹದಿನೈದು ದಿನಕ್ಕೆ ಮಡಿಕೇರಿಯ ಪೊಲೀಸ್ ಸಾಹೇಬರ ಮುಂದೆ ಹಾಜರಾಗಬೇಕೆಂದು ಕಾಗದ ಬಂದೇಬಿಟ್ಟಿತು. (ಸಾಹೇಬರಿಗೆ ಕನ್ನಡ ಅಕ್ಷರದ ಅಂದಚಂದ ತಿಳಿಯದು ಎಂಬುದು ಅವನಿಗೆ ಹೊಳೆದಿರಲಿಲ್ಲ.)

ಕಾಗದ ಮಡಚುತ್ತ ಅವನು ಲೆಕ್ಕ ಹಾಕಿದ. ಕೆಲಸ ಸಿಕ್ಕಿದರೆ ಶನಿವಾರಸಂತೆಗೋ ಅಮ್ಮತ್ತಿಗೋ ವರ್ಗ. ಅಲ್ಲಿ ಸಂತೆಯ ಹೊಡೆದಾಟದ ನಡುವೆ ನುಗ್ಗಬೇಕು, ಕಾಡಿನಲ್ಲಿ ಡಕಾಯಿತರ ಬೆನ್ನು ಹತ್ತಬೇಕು. ಬೇಡ ಎನ್ನೋಣವೆಂದರೆ ದಮಯಂತಿ ಆಗಲೇ ಊರಿಗೆಲ್ಲ ಹಂಚಿಬಿಟ್ಟಿದ್ದಳು. ಪಕ್ಕದ ಮನೆಯ ನಾಣಯ್ಯ ತನ್ನ ಹಲಸಿನಹಣ್ಣು ಕದ್ದವರನ್ನು ಹಿಡಿದುಕೊಡಿ ಎಂದು ದೂರು ತಂದೂ ಆಗಿತ್ತು. ಕೊನೆಗೆ ದೇರಪ್ಪ ಮನಸ್ಸಿನಲ್ಲೇ ಒಂದು ಘನ ನಿರ್ಧಾರ ಕೈಗೊಂಡ: ಸಾಹೇಬರು ಏನು ಕೇಳಿದರೂ ತಪ್ಪು ಉತ್ತರವನ್ನೇ ಕೊಡುವುದು. ಇದನ್ನು ಅವನು ಯಾರಿಗೂ ಹೇಳಲಿಲ್ಲ.

ಇತ್ತ ಮನೆಯಲ್ಲಿ ತಾಲೀಮು ಶುರುವಾಯಿತು. ಸಾಹೇಬರ ಪಾತ್ರಕ್ಕೆ ದಮಯಂತಿಯ ತಾಯಿ ಕಾಂತಮ್ಮನವರು ತಾವಾಗಿಯೇ ಮುಂದೆ ಬಂದರು. ಜಗಲಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ತಲೆಗೆ ಬೆತ್ತದ ಬುಟ್ಟಿ ಬೋರಲು ಹಾಕಿದರೆ ಸಾಹೇಬರು ತಯಾರು.

"ಶುರು ಮಾಡುವನಾ ಅತ್ತೆ?" ಎಂದು ದೇರಪ್ಪ ಮೊದಲ ದಿನ ಕೇಳಿದ.

"ಎಂಥ ಶುರು? ಕಾಲು ಹಿಡಿಯೊಕು ಅಂತ ಇಲ್ಲೆಯಾ? ನಾನು ಮೊದ್ಲು ಅತ್ತೆ, ಆಮೇಲೆ ಸಾಹೇಬ!"

ಅದೂ ಸರಿಯೇ. ಹಿರಿಯರ ಎದುರು ನಿಂತ ಮೇಲೆ ಮೂರು ಸಲ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಮಾತೆತ್ತುವ ರೂಢಿ ಆ ಮನೆಯಲ್ಲಿರಲಿಲ್ಲ. ಅವಸರದಲ್ಲಿ ಎರಡೇ ಸಲ ಮುಟ್ಟಿದರೆ ಕಾಂತಮ್ಮನವರು ಮೊದಲಿಂದ ಮಾಡಿಸುತ್ತಿದ್ದರು. ಅದು ಮುಗಿದ ಮೇಲೆ "ಶುರು ಮಾಡುವನಾ ಅತ್ತೆ?" ಎಂದು ಕೇಳಬೇಕು. ಆಗ ಬುಟ್ಟಿ ಸರಿಮಾಡಿಕೊಂಡು ಪ್ರಶ್ನೆ.

"ಕಳ್ಳ ಎದುರಿಗೆ ಬಂದ್ರೆ ಎಂಥ ಮಾಡ್ತೀಯಾ?"

"ಯಾವ ಊರು ಅಂತ ಕೇಳ್ತೇನೆ ಸಾರ್."

"ಕೇಳಿ ಮಣೆ ಹಾಕಿ ಕೂರಿಸ್ತೀರಾ?" ಎಂದು ದಮಯಂತಿ ಒಳಗಿನಿಂದ ಸೌಟು ಹಿಡಿದೇ ಬರುತ್ತಿದ್ದಳು. "ಗದರಿಸಿ! ಮೀಸೆ ಮೇಲೆ ಕೈ ಹಾಕಿ! ನನ್ನ ಮುಂದೆ ಹಾಕೋದಲ್ಲ, ಕಳ್ಳನ ಮುಂದೆ!"

ಸಾಹೇಬರಾಗಿದ್ದಷ್ಟು ಹೊತ್ತು ಕಾಂತಮ್ಮನವರು ಅಳಿಯನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದರು. ಬುಟ್ಟಿ ಇಳಿಸಿದ ಮೇಲೂ ಸ್ವಲ್ಪ ಹೊತ್ತು ಅದು ಮುಂದುವರಿಯುತ್ತಿತ್ತು. ಹೀಗೆ ಬೆಳಿಗ್ಗೆ ಒಂದು, ಸಂಜೆ ಒಂದರಂತೆ ಹದಿನೈದು ದಿನ ತಾಲೀಮು ನಡೆಯಿತು.

ಆ ದಿನ ಬಂತು. ಇಸ್ತ್ರಿ ಮಾಡಿದ ಕರಿ ಕೋಟು ತೊಟ್ಟು ದೇರಪ್ಪ ಮಡಿಕೇರಿಗೆ ನಡೆದ. ತಪ್ಪು ಉತ್ತರಗಳನ್ನೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಕಳ್ಳ ಬಂದರೆ? ಓಡುತ್ತೇನೆ. ಬಂದೂಕು ಕೊಟ್ಟರೆ? ವಾಪಸು ಕೊಡುತ್ತೇನೆ. ಎಲ್ಲವೂ ತಯಾರಾಗಿತ್ತು.

ಹೆಸರು ಕೂಗಿದರು. ಒಳಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೆಂಪು ಮುಖದ ಸಾಹೇಬರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು, ಪಕ್ಕದಲ್ಲಿ ಗುಮಾಸ್ತ. ಸಾಹೇಬರ ತಲೆಯ ಮೇಲೆ ಟೊಪ್ಪಿ. ಅಷ್ಟೇ ಸಾಕಾಯಿತು. ಹದಿನೈದು ದಿನ, ದಿನಕ್ಕೆರಡು ಬಾರಿ ಬಗ್ಗಿದ್ದ ಸೊಂಟ ಯಜಮಾನನ ಅಪ್ಪಣೆಗೆ ಕಾಯಲಿಲ್ಲ. ದೇರಪ್ಪ ಸೀದಾ ಹೋಗಿ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡ. ಮತ್ತೆ ಮುಟ್ಟಿದ. ಸಾಹೇಬರು ಗಾಬರಿಬಿದ್ದು ಕಾಲು ಹಿಂದಕ್ಕೆಳೆದುಕೊಂಡರು. ಆದರೆ ಆಗಿದ್ದು ಎರಡೇ ಸಲ! ಮೂರನೆಯದು ತಪ್ಪಿದರೆ ಮೊದಲಿಂದ ಮಾಡಬೇಕಲ್ಲ ಎಂದು ಅವನು ಅಂಬೆಗಾಲಿನಲ್ಲಿ ಕುರ್ಚಿಯ ಹಿಂದಕ್ಕೆ ಹೋಗಿ ಬೂಟು ಹಿಡಿದೇಬಿಟ್ಟ. ಆಮೇಲೆ ಎದ್ದು, ಎದೆ ಸೆಟೆದು ನಿಂತು, ಗಟ್ಟಿಯಾಗಿ ಕೇಳಿದ:

"ಶುರು ಮಾಡುವನಾ ಅತ್ತೆ?"

ಸಾಹೇಬರು ಗುಮಾಸ್ತನ ಮುಖ ನೋಡಿದರು. ಗುಮಾಸ್ತ ಛಾವಣಿ ನೋಡಿದ. ಸಾಹೇಬರು ಒತ್ತಾಯಿಸಿದಾಗ, ಈತ ತಮ್ಮನ್ನು ತನ್ನ ಹೆಂಡತಿಯ ತಾಯಿ ಎಂದು ಭಾವಿಸಿದ್ದಾನೆಂದು ಇಂಗ್ಲಿಷಿನಲ್ಲಿ ಬಿನ್ನವಿಸಿದ. ಸಾಹೇಬರ ಮುಖ ಇನ್ನಷ್ಟು ಕೆಂಪಾಯಿತು.

"ಪೊಲೀಸ್ ಕಳ್ಳನ ಹಿಡಿಯಬೇಕು, ಕಾಲು ಹಿಡಿಯಬಾರದು!" ಎಂದು ತಮ್ಮ ಹರಕು ಕನ್ನಡದಲ್ಲಿ ಗುಡುಗಿದರು. "ಕೆಲಸ ಇಲ್ಲ. ಹೋಗು!"

ಹೊರಗೆ ಬಂದ ದೇರಪ್ಪನಿಗೆ ಮೊದಲು ನಾಚಿಕೆಯಾಯಿತು. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ನಾಚಿಕೆ ಹೋಗಿ ನಗು ಬಂತು. ಕೆಲಸ ಇಲ್ಲ! ಸಂತೆ ಇಲ್ಲ, ಡಕಾಯಿತರಿಲ್ಲ, ನಾಳೆ ಬೆಳಿಗ್ಗೆ ಮತ್ತೆ ಅದೇ ಪೆನ್ಸಿಲು! ಮೈಮೇಲಿನ ಮೂಟೆ ಇಳಿಸಿದಷ್ಟು ಹಗುರವಾಗಿ ಬೆಟ್ಟದ ದಾರಿಯಲ್ಲಿ ಹೆಚ್ಚುಕಡಿಮೆ ಕುಣಿಯುತ್ತಲೇ ಬಂದ. ಮನೆಯ ಬೇಲಿಯ ಉಣುಗೋಲಿನ ಹತ್ತಿರ ಮಾತ್ರ ನಿಂತು, ಮುಖವನ್ನು ಕೈಯಿಂದ ಕೆಳಕ್ಕೆ ಎಳೆದು ದುಃಖದ ಹದಕ್ಕೆ ತಂದುಕೊಂಡ.

ತಾಯಿ ಮಗಳು ಜಗಲಿಯಲ್ಲೇ ಕಾಯುತ್ತಿದ್ದರು.

"ಎಂಥ ಆತ್?" ಎಂದರು ಕಾಂತಮ್ಮನವರು.

"ಬೇಡ ಅಂದ್ರು ಅತ್ತೆ," ಎಂದು ದೇರಪ್ಪ ನಿಟ್ಟುಸಿರುಬಿಟ್ಟ.

"ಸುಬ್ರಹ್ಮಣ್ಯ ಸ್ವಾಮೀ, ಕಾಪಾಡಿದೆ!" ಎಂದು ಕಾಂತಮ್ಮನವರು ಎರಡೂ ಕೈ ಎತ್ತಿ ಮುಗಿದರು. ದಮಯಂತಿ ಸೆರಗು ಬಾಯಿಗಿಟ್ಟುಕೊಂಡು ಅತ್ತೇಬಿಟ್ಟಳು. ಅದು ದುಃಖದ ಅಳುವಲ್ಲ ಎಂದು ತಿಳಿಯಲು ದೇರಪ್ಪನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಡಕಾಯಿತರ ಹಿಂದೆ ಕಾಡಿಗೆ ಕಳಿಸ್ತಾರೆ ಅಂತ ಮೊಣ್ಣಪ್ಪ ಹೇಳಿದ ದಿನದಿಂದ ನಂಗೆ ಅನ್ನ ಸೇರಿಲ್ಲ," ಎಂದಳು. "ಊರಿಗೆಲ್ಲ ಹೇಳಿ ಆಗಿತ್ತು. ಬೇಡ ಅಂತ ಯಾವ ಬಾಯಲ್ಲಿ ಹೇಳಲಿ? ನಿಮಗೆ ಅಷ್ಟು ಆಸೆ ಇತ್ತು, ಪಾಪ, ಅಂಗಳ ದಾಟುವಾಗಲೂ ಬಾಯಿಪಾಠ ಮಾಡ್ತಾ ಹೋದ್ರಿ."

ದೇರಪ್ಪನಿಗೆ ಈಗ ನಿಜವಾಗಿಯೂ ನೋವಾಯಿತು. "ಅಂದ್ರೆ ನನ್ನ ಕೈಲಿ ಆಗ್ತಿರಲಿಲ್ಲ ಅಂತಲಾ? ಮನಸ್ಸು ಮಾಡಿದ್ರೆ..."

"ಮನಸ್ಸು ಮಾಡುದು ಬೇಡ," ಎಂದರು ಕಾಂತಮ್ಮನವರು. "ಹರಕೆ ತೀರಿಸೊಕು. ಕೆಲಸ ತಪ್ಪಿದ್ರೆ ಸುಬ್ರಹ್ಮಣ್ಯದಲ್ಲಿ ಏಳು ಸುತ್ತು ಉರುಳುಸೇವೆ ಅಂತ ನಾನು ಹೊತ್ತಿದ್ದೆ."

"ನಾನು ಐದು," ಎಂದಳು ದಮಯಂತಿ ಕಣ್ಣೊರೆಸಿಕೊಳ್ಳುತ್ತ.

"ಒಳ್ಳೇದಾಯ್ತು. ಇಬ್ಬರೂ ಉರುಳಿ, ನಾನು ನೀರು ಹಿಡಿದು ನಿಲ್ತೇನೆ."

"ನಾವು ಎಂಥಕ್ಕೆ ಉರುಳುದು? ನಿಮ್ಮ ಹೆಸರಲ್ಲಿ ಹೊತ್ತದ್ದು. ಉರುಳುವವರು ನೀವೇ!" ಎಂದರು ಕಾಂತಮ್ಮನವರು.

ಮುಂದಿನ ಷಷ್ಠಿಗೆ ದೇರಪ್ಪ ಸುಬ್ರಹ್ಮಣ್ಯದ ಕಲ್ಲುಚಪ್ಪಡಿಯ ಮೇಲೆ ಒದ್ದೆ ಪಂಚೆಯಲ್ಲಿ ಉರುಳಿದ. ಅತ್ತೆಯ ಏಳು ಮುಗಿಯಿತು, ಹೆಂಡತಿಯ ಐದೂ ಮುಗಿಯಿತು. ದಮಯಂತಿ ಒಣಬಟ್ಟೆ ಹಿಡಿದುಕೊಂಡು ಅವನನ್ನು ಎಬ್ಬಿಸಲು ಬಂದಳು. ಅವನು ಏಳಲಿಲ್ಲ, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಮತ್ತೆ ಉರುಳತೊಡಗಿದ.

"ಹೇಳದೆಯೇ ಹೆಚ್ಚಿಗೆ ಉರುಳ್ತಾ ಇದ್ದಾರೆ! ನನ್ನ ಅಳಿಯನ ಭಕ್ತಿ ನೋಡಿ," ಎಂದು ಕಾಂತಮ್ಮನವರು ಪಕ್ಕದವರಿಗೆಲ್ಲ ತೋರಿಸಿದರು.

ಸಾಹೇಬರ ಕಾಗದ ಬಂದ ದಿನವೇ, ಈ ಕೆಲಸ ತಪ್ಪಿಸು ತಂದೆ ಎಂದು ತಾನೂ ಗುಟ್ಟಾಗಿ ಮೂರು ಸುತ್ತು ಹೊತ್ತಿದ್ದನ್ನು ದೇರಪ್ಪ ಯಾವ ಬಾಯಲ್ಲಿ ಹೇಳಬೇಕಿತ್ತು?