ಬೀಗ ಹಾಕಿದ ಮನೆಯಲ್ಲಿ ಭಾನುವಾರ

ಹೆಂಡತಿ ಒಯ್‌ನಿಸಾ ಮಕ್ಕಳನ್ನು ಕರೆದುಕೊಂಡು ಕೋಕಂದಿನ ತವರಿಗೆ ಹೊರಟಾಗ ತೋಜಿಬಾಯನಿಗೆ ಒಂದು ಭಾರೀ ಉಪಾಯ ಹೊಳೆಯಿತು. ತಾನೂ ಕೋಕಂದಿಗೆ ಹೋಗುತ್ತೇನೆಂದು ಬೀದಿಗೆಲ್ಲ ಸಾರಿಬಿಟ್ಟರೆ?

ಪಾಪ, ಅವನದೇನೂ ಅತಿಯಾಸೆಯಲ್ಲ. ಮರ್ಗಿಲಾನಿನ ಆ ಬೀದಿಯಲ್ಲಿ ನಲ್ಲಿ ಸೋರಿದರೂ ಇಸ್ತ್ರಿಪೆಟ್ಟಿಗೆ ಕೆಟ್ಟರೂ ಅವನನ್ನೇ ಕರೆಯಬೇಕು. ಮನೆಯಲ್ಲಿ ಒಯ್‌ನಿಸಾ ಹೇಳುವ ಕೆಲಸ ಬೇರೆ. ಒಂದೇ ಒಂದು ಭಾನುವಾರ ಅಂಗಳದ ಮರದ ಮಂಚದ ಮೇಲೆ ಕಾಲು ಚಾಚಿ ಮಲಗಬೇಕು, ಯಾರೂ ತನ್ನ ಹೆಸರು ಹಿಡಿದು ಕೂಗಬಾರದು. ಅಷ್ಟೇ.

ಭಾನುವಾರ ಬೆಳಗ್ಗೆ ಗೇಟಿಗೆ ಹೊರಗಿನಿಂದ ಬೀಗ ಜಡಿದ. "ಕೋಕಂದಿಗೆ ಹೊರಟೆ, ನಾಳೇನೇ ಬರೋದು!" ಎಂದು ಎದುರುಮನೆಯ ಕ್ಷೌರದ ಮಮಾಜಾನನಿಗೆ ಕೇಳುವಂತೆ ಕೂಗಿದ. ಆಮೇಲೆ ಬೀದಿ ಸುತ್ತಿ ಬಂದು, ಹಿತ್ತಲ ಓಣಿಯ ಹಿಪ್ಪುನೇರಳೆ ಮರ ಹತ್ತಿ, ಗೋಡೆ ದಾಟಿ, ತನ್ನ ಮನೆಗೆ ತಾನೇ ಕಳ್ಳನ ಹಾಗೆ ಇಳಿದ.

ಇನ್ನೇನು ಕಣ್ಣು ಹತ್ತಬೇಕು, ಹೊರಗೆ ಬೀದಿಯ ಹಿರಿಯ ಸೊತ್ವೊಲ್ದಿ ತಾತನ ಗಂಟಲು ಮೊಳಗಿತು.

"ಇವತ್ತು ಹಷರ್! ಎಲ್ರೂ ಗುದ್ದಲಿ ತಗೊಂಡು ಬನ್ರೋ! ನಾಳೆ ಕಾಲುವೆಗೆ ನೀರು ಬಿಡ್ತಾರೆ, ಹೂಳು ತೆಗೀಬೇಕು!"

ಹಷರ್ ಎಂದ ಮೇಲೆ ಮನೆಗೊಬ್ಬ ಗಂಡಸು ಬರಲೇಬೇಕು, ಕೂಲಿ ಕೇಳುವಂತಿಲ್ಲ. ತೋಜಿಬಾಯ್ ನಗು ತಡೆಯಲು ದಿಂಬು ಕಚ್ಚಿಕೊಂಡ. ಇಂಥ ಸುಖ ಅವನು ಮದುವೆಯಾದ ದಿನವೂ ಕಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಧಡ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಗೋಡೆಯ ಬುಡದಲ್ಲಿ ಸೊಂಟ ಹಿಡಿದುಕೊಂಡು ಸೊತ್ವೊಲ್ದಿ ತಾತನೇ ಕೂತಿದ್ದ.

"ನೀನು ಕೋಕಂದಿಗೆ ಹೋಗಿಲ್ವೇನೋ?"

"ನೀವು ಕಾಲುವೆಗೆ ಹೋಗಿಲ್ವಾ ತಾತ?"

ತಾತ ಗಡ್ಡ ಕೆರೆದುಕೊಂಡ. "ಕೂಗಿ ಕೂಗಿ ಸಾಕಾಗಿದೆ ಕಣಯ್ಯ. ಜಿಲ್ಲಾ ಕಚೇರೀಲಿ ಕೆಲಸ ಇದೆ ಅಂದು ಬಂದೆ. ಹೆಂಗೂ ಖಾಲಿ ಮನೆ, ಒಂದು ಗಳಿಗೆ ಮಲಗೋಣ ಅಂತ."

"ಭಾನುವಾರ ಯಾವ ಕಚೇರಿ ತಾತ?"

"ನಂಗೂ ಆಮೇಲೇ ಹೊಳೆದದ್ದು. ಪುಣ್ಯಕ್ಕೆ ಯಾರೂ ಕೇಳ್ಲಿಲ್ಲ. ನೀನು ನನ್ನ ನೋಡಿಲ್ಲ, ನಾನು ನಿನ್ನ ನೋಡಿಲ್ಲ, ಆಯ್ತಾ? ಅಲ್ಲಯ್ಯ, ಮನೆಗೆ ಬಂದ ಹಿರಿಯನಿಗೆ ಒಂದು ಬಟ್ಟಲು ಚಹಾನೂ ಇಲ್ವಾ?"

ಅತಿಥಿ ಗೋಡೆ ಹಾರಿ ಬಂದರೂ ಅತಿಥಿಯೇ. ತೋಜಿಬಾಯ್ ನೀರು ಕಾಯಿಸಲು ಎದ್ದ. ಚಹಾ ಸೋಸುವಷ್ಟರಲ್ಲಿ ಗೋಡೆಯ ಮೇಲೆ ಒಂದು ಗುದ್ದಲಿ ಕಾಣಿಸಿತು, ಅದರ ಹಿಂದೆ ಮಮಾಜಾನ್.

"ಹೊಟ್ಟೆನೋವು ಅಂತ ಹೇಳಿ ಬಂದೆ," ಎಂದ ಅವನು, ನಾಚಿಕೆಯಿಲ್ಲದೆ. "ಓಹೋ, ಚಹಾ ಆಗ್ತಿದೆಯಾ? ತಿನ್ನೋಕೇನಿದೆ?"

"ಕಾಲುವೆ ಹತ್ರ ಯಾರಿದಾರೋ?" ತಾತ ಗದರಿದ.

"ಮಿಕ್ಕೋರೆಲ್ಲ ಇದಾರಲ್ಲ!"

ಮಿಕ್ಕವರೂ ಒಬ್ಬೊಬ್ಬರಾಗಿ ಗುದ್ದಲಿ ಸಮೇತ ಗೋಡೆ ಹಾರಿದರು. ಶಾಲೆಯ ಮೇಷ್ಟ್ರು, ರೊಟ್ಟಿಯಂಗಡಿಯವನು, ಅವನ ಇಬ್ಬರು ಭಾವಮೈದುನರು. ಪ್ರತಿಯೊಬ್ಬನೂ ಉಳಿದವರು ಕಾಲುವೆಯಲ್ಲಿದ್ದಾರೆಂದೇ ನಂಬಿದ್ದ. ಮಧ್ಯಾಹ್ನದ ಹೊತ್ತಿಗೆ ಮಂಚದ ಮೇಲೆ ಸೂಜಿ ಇಡಲೂ ಜಾಗವಿರಲಿಲ್ಲ.

"ತೋಜಿಬಾಯ್, ಇನ್ನೊಂದು ದಿಂಬು!"

"ತೋಜಿಬಾಯ್, ಚಹಾ ಆರಿಹೋಯ್ತು!"

"ಇಷ್ಟು ಜನ ಬಂದಿದೀವಿ, ಪಲಾವ್ ಇಲ್ದೆ ಕಳಿಸ್ತೀಯೇನಪ್ಪ? ಒಯ್‌ನಿಸಾ ಕೇಳಿದ್ರೆ ಎಷ್ಟು ನೊಂದ್ಕೋತಾಳೆ!"

ಒಯ್‌ನಿಸಾ ಹೆಸರು ಬಂದ ಮೇಲೆ ಮಾತು ಮುಗಿಯಿತು. ತೋಜಿಬಾಯ್ ದೊಡ್ಡ ಕಡಾಯಿ ಇಳಿಸಿದ, ಕ್ಯಾರೆಟ್ ಹೆಚ್ಚಿದ, ಹೊಗೆಗೆ ಅತ್ತ, ಸೌದೆ ಊದಿದ, ಬಡಿಸಿದ, ಮತ್ತೆ ಬಡಿಸಿದ. ಎಲ್ಲರೂ ಬೆರಳು ನೆಕ್ಕಿ, ಅವನ ಕೈರುಚಿ ಹೊಗಳಿ, ಇದ್ದಲ್ಲೇ ಒರಗಿದರು. ಅವನು ಹಸಿದು ಸುಸ್ತಾಗಿ ಕಡಾಯಿಗೆ ಇಣುಕಿದ. ತಳದಲ್ಲಿ ಒಂದು ಅಗುಳೂ ಉಳಿದಿರಲಿಲ್ಲ. ಅವನಿಗೆ ನಿಜಕ್ಕೂ ಅಳು ಬಂತು.

ಆಗ ಸೊತ್ವೊಲ್ದಿ ತಾತ ಗಾಬರಿಯಿಂದ ಎದ್ದು ಕೂತ. "ಅಯ್ಯಯ್ಯೋ, ಕಾಲುವೆ! ನಾಳೆ ನೀರು ಬಂದ್ರೆ ಬೀದಿಗೆ ಬೀದಿಯೇ ಮುಳುಗುತ್ತೆ. ಏಳ್ರೋ!"

ಯಾರೂ ಏಳಲಿಲ್ಲ. "ಹೊಟ್ಟೆ ಬಿರಿಯೋ ಹಾಗೆ ತಿಂದಿದೀವಿ ತಾತ," ಎಂದು ಮಮಾಜಾನ್ ನರಳಿದ. "ಈಗ ಬಗ್ಗಿದ್ರೆ ಪ್ರಾಣ ಹೋಗುತ್ತೆ."

ತಾತ ತನ್ನ ಹೊಟ್ಟೆಯನ್ನೂ ಒಮ್ಮೆ ಸವರಿ ನೋಡಿಕೊಂಡು ಹೌದೆಂದು ತಲೆಯಾಡಿಸಿದ. ಆಮೇಲೆ ಸುತ್ತ ಕಣ್ಣಾಡಿಸಿ, ಕೈಗೆ ಸಿಕ್ಕ ಗುದ್ದಲಿಯೊಂದನ್ನು ಎತ್ತಿ ಪ್ರೀತಿಯಿಂದ ಚಾಚಿದ.

"ತೋಜಿಬಾಯ್, ಇನ್ನೂ ಊಟ ಮಾಡದೆ ಇರೋನು ನೀನೊಬ್ಬನೇ ಅಲ್ವೇನಪ್ಪ?"