ಅತ್ತೆಯ ಬಡಾವಣೆಗೆ ಆಸ್ಪತ್ರೆ

ಅತ್ತೆಗೆ ಉಬ್ಬಸ. ಕಲ್ಲು ಕ್ರಷರಿನ ಪಕ್ಕದ ಅವರ ಬಡಾವಣೆಯಲ್ಲಿ ಆಸ್ಪತ್ರೆ ಇಲ್ಲ. ಅಳಿಯನ ಮನೆಯೆದುರಿಗೇ ದೊಡ್ಡಾಸ್ಪತ್ರೆ. ಹಾಗಾಗಿ ಸ್ವಂತ ಮನೆಗೆ ಬೀಗ ಜಡಿದು ಬಂದವರು ಅಳಿಯನ ಕುರ್ಚಿ, ಟೀವಿಯ ರಿಮೋಟು, ಕೊನೆಗೆ ಅವನು ಆಕಳಿಸುವ ರೀತಿಯನ್ನೂ ತಮ್ಮ ಹತೋಟಿಗೆ ತೆಗೆದುಕೊಂಡಿದ್ದರು.

ಅಳಿಯ ಆರೋಗ್ಯ ಕಚೇರಿಯಲ್ಲಿ ಗುಮಾಸ್ತ. ಅಂದು ತಮ್ಮ ಕ್ಷೇತ್ರದ ರೋಗಗಳ ಲೆಕ್ಕ ನೋಡಿ, ಹೊಸ ಆಸ್ಪತ್ರೆ ಎಲ್ಲಿ ಬೇಕೆಂದು ತೀರ್ಮಾನಿಸಲು ಶಾಸಕರೇ ಬರುವವರಿದ್ದರು. ಬೆಳಗ್ಗಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆ ಸಡಗರದಲ್ಲಿ ಊಟದ ಡಬ್ಬಿ ಮನೆಯಲ್ಲೇ ಉಳಿದಿತ್ತು. ಗೋಡೆಯ ನಕ್ಷೆಯಲ್ಲಿ ಉಬ್ಬಸದವರು ಇರುವಲ್ಲೆಲ್ಲ ಕೆಂಪು ಗುಂಡುಸೂಜಿ ಚುಚ್ಚಿದ್ದ. ಒಂದೂ ಸುಳ್ಳಲ್ಲ. ಅತ್ತೆಯ ಬಡಾವಣೆ ಬಿಡಿಸಿಟ್ಟ ದಾಳಿಂಬೆಯ ಹಾಗೆ ಕಾಣುತ್ತಿತ್ತು. ಅಲ್ಲೊಂದು ಆಸ್ಪತ್ರೆ ಬಂದರೆ ಅತ್ತೆ ವಾಪಸು, ಅವನ ಕುರ್ಚಿ ಅವನಿಗೆ!

ಮುಖ ತೊಳೆದು ಬರುವಷ್ಟರಲ್ಲಿ ನಕ್ಷೆ ಪೂರ್ತಿ ಹಸಿರಾಗಿತ್ತು.

"ಏನ್ ಸಾರ್ ಇದು!"

"ಸಾಹೇಬ್ರು ಮೊದಲ್ನೇ ಸಲ ಬರ್ತಿದಾರೆ. ಎದುರಿಗೆ ಕೆಂಪು ಇಡ್ತಾರೇನಯ್ಯಾ? ಎಲ್ಲಾ ಬದಲಾಯಿಸ್ದೆ. ಕಣ್ಣಿಗೆ ತಂಪಾಗಿರ್ಲಿ," ಎಂದರು ಹೆಡ್ ಕ್ಲಾರ್ಕು.

ಅಷ್ಟರಲ್ಲಿ ಶಾಸಕರು ಬಂದೇಬಿಟ್ಟರು. ನಕ್ಷೆ ನೋಡಿ ಅರಳಿದರು. "ಹಸಿರು ಅಂದ್ರೆ ಆರೋಗ್ಯ ತಾನೇ? ಭೇಷ್! ಹೊಸ ಆಸ್ಪತ್ರೆನೇ ಬೇಡ ಬಿಡಿ!"

ಗುಮಾಸ್ತ ಮುಂದೆ ನುಗ್ಗಿದ. "ಇಲ್ಲ ಸಾರ್, ಅದು..." ಹೆಡ್ ಕ್ಲಾರ್ಕು ಅವನ ಕಾಲು ತುಳಿದರು.

ಆಗ ಬಾಗಿಲಲ್ಲಿ ಏದುಸಿರು ಕೇಳಿಸಿತು. ಡಬ್ಬಿ ಹಿಡಿದುಕೊಂಡು, ಮೆಟ್ಟಿಲು ಹತ್ತಿ ಬಂದ ಅತ್ತೆ!

"ಅಳಿಯಂದ್ರೇ, ಡಬ್ಬಿ ಮರ್ತು ಬಂದಿದೀರಲ್ಲ, ನಿಮ್ಮ ತಲೇಲಿ..." ಉಳಿದದ್ದನ್ನು ಕೆಮ್ಮು ನುಂಗಿತು.

"ಸಾರ್, ಇವ್ರನ್ನೇ ಕೇಳಿ!" ಗುಮಾಸ್ತ ಕೂಗಿದ. "ಕ್ರಷರ್ ಪಕ್ಕದ ಬಡಾವಣೆಯವ್ರು!"

"ಅಲ್ಲಿ ಎಲ್ಲರಿಗೂ ಹೀಗೇನಮ್ಮಾ?" ಶಾಸಕರು ಕೇಳಿದರು.

"ಬೀದಿಗೆ ಬೀದಿನೇ ಕೆಮ್ಮುತ್ತೆ ಸ್ವಾಮಿ. ಹೋದ್ಸಲ ಓಟು ಹಾಕೋಕೆ ದಿಬ್ಬದ ಮೇಲಿನ ಸ್ಕೂಲಿಗೆ ಹೊರಟೋರು, ಅರ್ಧ ಜನ ಏದುಸಿರು ಬಂದು ದಾರೀಲೇ ಕೂತ್ಬಿಟ್ರು. ಆಮೇಲೆ ಹಾಗೇ ಮನೆಗೆ ಹೋದ್ರು."

ಶಾಸಕರು ಬೆಚ್ಚಿಬಿದ್ದರು. "ಅರ್ಧ ಜನಾನಾ! ನಾನು ಕೂದಲೆಳೇಲಿ ಗೆದ್ದಿದ್ದು ಕಣಮ್ಮಾ! ಅಲ್ಲಿಗೆ ಆಸ್ಪತ್ರೆ ಬರಲೇಬೇಕು. ತಕ್ಷಣ!"

ಗುಮಾಸ್ತನಿಗೆ ಕುಣಿದಾಡುವಷ್ಟು ಖುಷಿಯಾಯಿತು. ಹಸಿರು ಸೂಜಿಗಳನ್ನು ಕಿತ್ತು ಮತ್ತೆ ಕೆಂಪು ಚುಚ್ಚತೊಡಗಿದ. ಹೆಡ್ ಕ್ಲಾರ್ಕು ಮೊದಲಿನಿಂದಲೂ ಕೆಂಪಿನ ಪಕ್ಷದವರೇ ಎಂಬಂತೆ ಸೂಜಿ ಎತ್ತಿಕೊಟ್ಟರು.

"ಆದ್ರೆ ಕಟ್ಟಡ ಏಳೋಕೆ ವರ್ಷಗಟ್ಟಲೆ ಆಗುತ್ತೆ," ಶಾಸಕರು ತಲೆ ಕೆರೆದುಕೊಂಡರು. "ಅಲ್ಲೆಲ್ಲಾದ್ರೂ ಖಾಲಿ ಮನೆ ಇದ್ದಿದ್ರೆ ನಾಳೆನೇ ಶುರು ಮಾಡ್ಬಹುದಿತ್ತು."

ಅತ್ತೆ ಕೈಚೀಲದಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು.

"ನಮ್ಮನೇನೇ ಇಟ್ಕೊಳ್ಳಿ ಸ್ವಾಮಿ, ಎಷ್ಟು ವರ್ಷ ಬೇಕಾದ್ರೂ. ನನಗೇನು, ಅಳಿಯಂದ್ರ ಮನೆ ಇದೆಯಲ್ಲ!"

ಕಚೇರಿಗೆ ಕಚೇರಿಯೇ ಚಪ್ಪಾಳೆ ತಟ್ಟಿತು. ಅಳಿಯನೂ ತಟ್ಟಲೇಬೇಕಾಯಿತು.