ಅಯಸ್ಕಾಂತವಾಗಲು ಒಲ್ಲದ ಪುಡಿ

ನಮ್ಮ ಲ್ಯಾಬಿನಲ್ಲಿ ಏನೂ ಎಡವಟ್ಟಾಗದ ದಿನ ಅಂತ ಒಂದು ಇದ್ದರೆ ಅದು ಕರೆಂಟ್ ಇಲ್ಲದ ದಿನ. ಗುಬ್ಬಿಯಿಂದ ರೈಲು ಹತ್ತಿ ತುಮಕೂರಿಗೆ ಬಂದು ಐದು ವರ್ಷ ನಾನು ಮಾಡಿದ ಸಂಶೋಧನೆ ಇಷ್ಟೇ: ಸತುವಿನ ಆಕ್ಸೈಡ್ ಎಂಬ ಬಿಳಿ ಪುಡಿಗೆ ಚಿಟಿಕೆ ಕೋಬಾಲ್ಟ್ ಬೆರೆಸಿ, ಕೂದಲಿಗಿಂತ ಸಾವಿರ ಪಟ್ಟು ತೆಳುವಾದ ಕಡ್ಡಿಗಳನ್ನು ಬೆಳೆಸುವುದು. ಆ ಕಡ್ಡಿಗಳು ಅಯಸ್ಕಾಂತದ ಗುಣ ತೋರಿಸಿದರೆ ನನಗೆ ಪಿಎಚ್.ಡಿ. ಇಲ್ಲದಿದ್ದರೆ ರೈಲಿನ ಪಾಸಷ್ಟೇ ಗತಿ.

ದೊಡ್ಡಮ್ಮನ ಎರಡು ನಿಮಿಷ

ಚೇಳೂರಿನ ದೊಡ್ಡಮ್ಮ ರಾಗಿ ಕೇರುತ್ತಾ ಕೇಳಿದಳು: "ಅದೇನೋ ಬೆಳೆಸ್ತೀನಿ ಅಂತೀಯಲ್ಲ, ಎಷ್ಟು ದಿನಕ್ಕೆ ಕೈಗೆ ಬತ್ತದೆ?"

"ಓವನ್ನಲ್ಲಿ ಹನ್ನೆರಡು ಗಂಟೆ ಇಟ್ರೆ ಸಾಕು ದೊಡ್ಡಮ್ಮ."

"ಎಷ್ಟು ಸಿಕ್ತದೆ?"

"ಒಂದು ಚಿಟಿಕೆ."

ದೊಡ್ಡಮ್ಮ ಮೊರ ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದಳು. ಈ ಸಲ ಕೋಬಾಲ್ಟ್ ದುಪ್ಪಟ್ಟು ಹಾಕಿದ್ದೆ, ಕಡ್ಡಿಯ ಜೊತೆ ಬೇಡದ್ದೂ ಏನೋ ಹುಟ್ಟಿಕೊಂಡಿದೆ ಎಂದು ಗೋಳು ತೋಡಿಕೊಂಡೆ.

"ಗೊಬ್ಬರ ಜಾಸ್ತಿ ಮಾಡಿದೀಯ ಕಣೆ. ಜಾಸ್ತಿ ಹಾಕುದ್ರೆ ರಾಗಿ ಬುಟ್ಟು ಕಳೆ ಎದ್ದೇಳ್ತದೆ. ಅರ್ಧ ಮಾಡು."

ನಾನು ನಕ್ಕುಬಿಟ್ಟೆ. ಸೋಮವಾರ ನನ್ನ ಗೈಡ್ ಮೇಡಂ ಪುಡಿಯ ಎಕ್ಸ್-ರೇ ವರದಿಯನ್ನು ಅರ್ಧ ಗಂಟೆ ಹಿಂದೆಮುಂದೆ ತಿರುವಿ, ಕೊನೆಗೆ ಇದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರು. ಅವರ ಹತ್ತಿರ ಮೊರ ಇರಲಿಲ್ಲ, ಅಷ್ಟೇ.

ಭಾಯಿಯ ಕಾಳಜಿ

ಕಡ್ಡಿ ಬೆಳೆಸಲು ದಪ್ಪ ಸ್ಟೀಲಿನ ಡಬ್ಬಿ ಬೇಕು. ಒಳಗೆ ದ್ರಾವಣ ತುಂಬಿ, ಮುಚ್ಚಳ ತಿರುಪಿ, ಓವನ್ನಿಗೆ ಇಡುವುದು. ಹಳೆಯದು ಸೋರುತ್ತಿತ್ತು. ಹೊಸದು ಮಾಡಿಸಲು ಸತ್ಯಮಂಗಲದ ಒಂದು ಲೇತ್ ವರ್ಕ್‌ಶಾಪಿಗೆ ಹೋದೆ. ಅಲ್ಲಿನ ವಯಸ್ಸಾದ ಭಾಯಿ ಎಲ್ಲ ಕೇಳಿಸಿಕೊಂಡರು.

"ನೀರು ಹಾಕಿ, ಬಿಗಿ ಮಾಡಿ, ನೂರಾ ಎಂಬತ್ತು ಡಿಗ್ರಿ ಕಾಯಿಸ್ತೀರ. ಆವಿ ಎಲ್ಲಿಂದ ಹೋಗ್ಬೇಕಮ್ಮ?"

"ಹೋಗ್ಬಾರ್ದು ಭಾಯಿ."

"ಮನೇಲಿ ಹೇಳಿದೀರಾ?"

ವಾರದಲ್ಲಿ ಡಬ್ಬಿ ಫಳಫಳ ಹೊಳೆಯುತ್ತಾ ಬಂತು. ಮುಚ್ಚಳದ ಮೇಲೊಂದು ಗುಂಡು. ಹಿಡಿಕೆ ಇರಬೇಕು ಎಂದುಕೊಂಡು ಓವನ್ನಿಗೆ ಇಟ್ಟೆ. ಮುಕ್ಕಾಲು ಗಂಟೆಯಲ್ಲಿ ಓವನ್ನಿನೊಳಗೆ ಕುಕ್ಕರ್ ಕೂಗಿತು! ಪಕ್ಕದ ಲ್ಯಾಬಿನವರು ತಟ್ಟೆ ಹಿಡಿಯುವುದೊಂದು ಬಾಕಿ, "ಏನ್ ಇವತ್ತು, ಬಿಸಿಬೇಳೆ ಬಾತಾ?" ಎಂದು ಇಣುಕಿದರು. ಬಾಗಿಲು ತೆಗೆದರೆ ಕೋಬಾಲ್ಟ್ ದ್ರಾವಣವೆಲ್ಲ ಸಿಡಿದು ಒಳಗೆಲ್ಲ ಗುಲಾಬಿ ಬಣ್ಣ. ಆ ಗುಂಡು ಹಿಡಿಕೆಯಲ್ಲ, ಆವಿ ಬಿಡುವ ಕುಕ್ಕರಿನ ವಿಸಲ್! ಸಿಟ್ಟಿನಲ್ಲಿ ಭಾಯಿಗೆ ಫೋನ್ ಮಾಡಿದೆ.

"ಪೌಡರ್ ಹೋದ್ರೆ ಇನ್ನೊಂದ್ಸಲ ಮಾಡ್ಬೋದಮ್ಮ. ನಿಮ್ಮನ್ನ ಹಂಗೆ ಮಾಡೋಕಾಗುತ್ತಾ?" ಎಂದರು.

ಖಾಲಿ ಕ್ಯಾಪ್ಸೂಲಿನ ಸಾಧನೆ

ಗುಂಡು ತೆಗೆಸಿ, ಮುಚ್ಚಳ ಬಿಗಿ ಮಾಡಿಸಿದ ಮೇಲೆ ಕೊನೆಗೂ ಪುಡಿ ಚೆನ್ನಾಗಿ ಬಂತು. ಅಯಸ್ಕಾಂತದ ಗುಣ ಅಳೆಯುವ ಯಂತ್ರ ಬೆಂಗಳೂರಿನಲ್ಲಿ. ಔಷಧಿಯ ಮೂರು ಖಾಲಿ ಕ್ಯಾಪ್ಸೂಲ್ ತಂದು, ಒಂದಕ್ಕೆ ಕೋಬಾಲ್ಟ್ ಬೆರೆಸಿದ ಪುಡಿ, ಇನ್ನೊಂದಕ್ಕೆ ಬೆರೆಸದ ಪುಡಿ ತುಂಬಿದೆ. ಮೂರನೆಯದು ಹೋಲಿಕೆಗೆಂದು ಖಾಲಿ.

ಫಲಿತಾಂಶ ಮೇಲ್‌ನಲ್ಲಿ ಬಂತು. ಮೊದಲ ಗ್ರಾಫ್: ಅಯಸ್ಕಾಂತ! ನಾನು ಕಿರುಚಿದ್ದಕ್ಕೆ ಮೇಡಂ ಓಡಿ ಬಂದು ಅಪ್ಪಿಕೊಂಡರು. ಅಪ್ಪಿಕೊಂಡೇ ಎರಡನೆಯದನ್ನು ನೋಡಿದರು. ಕೋಬಾಲ್ಟ್ ಇಲ್ಲದ್ದೂ ಅಯಸ್ಕಾಂತ. ಕೈ ಸಡಿಲವಾಯಿತು. ಮೂರನೆಯದು, ಖಾಲಿ ಕ್ಯಾಪ್ಸೂಲ್, ಮೂರರಲ್ಲೇ ಫಸ್ಟ್ ಕ್ಲಾಸ್ ಅಯಸ್ಕಾಂತ.

ಪ್ರಬಂಧ ಒಪ್ಪಿಸಲು ಎರಡೇ ತಿಂಗಳಿತ್ತು.

"ಆ ಕ್ಯಾಪ್ಸೂಲ್‌ನ ಯಾರು ಮುಟ್ಟಿದ್ರು?" ಮೇಡಂ ಕೇಳಿದರು. ಕುಣಿಗಲ್ಲಿನವರಾದ ನಮ್ಮ ಹಿರಿಯ ಅಟೆಂಡರ್ ಮುಂದೆ ಬಂದರು.

"ನಾನೇ ಮೇಡಂ. ಆಯುಧಪೂಜೆ ಅಲ್ವಾ, ಓವನ್ನಿಗೆ, ತಕ್ಕಡಿಗೆ ಎಲ್ಲಾ ಕುಂಕುಮ ಇಟ್ಟೆ. ಇವು ಬೆಂಗ್ಳೂರಿಗೆ ಹೋಗ್ತಾವೆ, ಒಳ್ಳೇದಾಗ್ಲಿ ಅಂತ ಇವಕ್ಕೂ ಒಂದೊಂದ್ ಬೊಟ್ಟು ಇಟ್ಟು, ಆಮೇಲೆ ಒರೆಸ್ದೆ."

"ಖಾಲಿದಕ್ಕೂ?"

"ಪಾಪ, ಅದು ಖಾಲಿ ಹೋಗ್ತಿತ್ತಲ್ಲ ಮೇಡಂ. ಅದಕ್ಕೇ ಸ್ವಲ್ಪ ಜಾಸ್ತಿ ಇಟ್ಟೆ."

ಮೇಡಂ ಅಯಸ್ಕಾಂತ ತಂದು ಕುಂಕುಮದ ಡಬ್ಬಿಯ ಮೇಲೆ ಹಿಡಿದರು. ಅಂಗಡಿಯವರು ಅದಕ್ಕೆ ಏನು ಬೆರೆಸಿದ್ದರೋ, ಕುಂಕುಮ ಎದ್ದು ನಿಂತಿತು.

ಬೆಂಗಳೂರಿನವರ ಕೈಕಾಲು ಹಿಡಿದು ಯಂತ್ರದಲ್ಲಿ ಇನ್ನೊಂದು ಸರದಿ ಪಡೆದು, ಹೊಸ ಕ್ಯಾಪ್ಸೂಲ್ ಕಳಿಸಿದೆವು. ಈ ಸಲ ಖಾಲಿಯದು ಸುಮ್ಮನಿತ್ತು, ಬೆರೆಸದ್ದೂ ಸುಮ್ಮನಿತ್ತು. ನನ್ನ ಪುಡಿ ಮಾತ್ರ ಸಣ್ಣಗೆ, ಆದರೆ ನಿಜವಾಗಿಯೂ ಅಯಸ್ಕಾಂತವಾಗಿತ್ತು. ಕಿರುಚಲು ಹೋದರೆ ಅಳು ಬಂತು.

ಪ್ರಬಂಧಕ್ಕೆ ಮೇಡಂ ಒಂದು ಸಾಲು ಸೇರಿಸಿದರು: 'ಮಾದರಿಗಳನ್ನು ಪ್ಲಾಸ್ಟಿಕ್ ಚಿಮಟದಿಂದ ಮಾತ್ರ ಮುಟ್ಟಲಾಯಿತು; ಆ ಅವಧಿಯಲ್ಲಿ ಯಾವ ಉಪಕರಣಕ್ಕೂ ಪೂಜೆ ಮಾಡಲಿಲ್ಲ.'

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಹಿರಿಯ ಪರೀಕ್ಷಕರು ಪುಟ ತಿರುವುತ್ತಾ ಆ ಸಾಲಿನ ಮೇಲೆ ಬೆರಳಿಟ್ಟು ನಿಂತರು.

"ಪೂಜೆ ಮಾಡಿಲ್ಲ ಅಂತ ಬರ್ದಿದೀರಿ. ಆಮೇಲೆ ಓವನ್ ಕೆಡ್ಲಿಲ್ವಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಎರಡು ಸಲ ಕೆಟ್ಟಿತು ಸರ್."

"ನೋಡಿ ಮತ್ತೆ!" ಎಂದವರೇ ಪೆನ್ನು ತೆಗೆದು ಸಹಿ ಹಾಕಿಬಿಟ್ಟರು.